ಪಿಂಚಣಿ, ಗೃಹಲಕ್ಷ್ಮಿ, ಪರಿಹಾರದ ಹಣ ಸಾಲಕ್ಕೆ ಹೋಗದಿರಲು ಯಾವ ಖಾತೆ ಒಳ್ಳೆಯದು?

ಪಾಸ್‌ಬುಕ್‌ನಲ್ಲಿ ದುಡ್ಡು ಕಾಣಿಸುತ್ತದೆ, ತೆಗೆಯಲು ಹೋದರೆ ಬರುವುದಿಲ್ಲ. ಕೌಂಟರಿನಲ್ಲಿ ಕೇಳಿದರೆ ‘ಹೋಲ್ಡ್ ಆಗಿದೆ’ ಅನ್ನುತ್ತಾರೆ. ಯಾರು ಮಾಡಿದ್ದು, ಎಷ್ಟಕ್ಕೆ ಮಾಡಿದ್ದು ಅಂತ ಮತ್ತೆ ಕೇಳಿದರೆ ‘ಮೇಲಿನಿಂದ ಬಂದಿದೆ’ ಅನ್ನುವ ಉತ್ತರ. ಸಂಧ್ಯಾ ಸುರಕ್ಷಾದ 1,200 ರೂಪಾಯಿ, ಗೃಹಲಕ್ಷ್ಮಿಯ 2,000, ಪಿಎಂ ಕಿಸಾನ್ ಕಂತು, ಬೆಳೆ ಪರಿಹಾರ, ನಿವೃತ್ತರ ಪಿಂಚಣಿ ಇವನ್ನೇ ನಂಬಿಕೊಂಡು ತಿಂಗಳು ತಳ್ಳುವ ಮನೆಗಳಿಗೆ ಈ ಉತ್ತರ ಸಾಕಾಗುವುದಿಲ್ಲ.

ಇಲ್ಲಿ ಎರಡು ಆಯ್ಕೆಗಳ ಮಾತಿದೆ. ಒಂದು, ಸರ್ಕಾರದಿಂದ ಬರುವ ಹಣವನ್ನು ಯಾವ ಖಾತೆಗೆ ಹಾಕಿಸಿಕೊಳ್ಳಬೇಕು ಅನ್ನುವುದು. ಇನ್ನೊಂದು, ತಡೆ ಬಿದ್ದ ಮೇಲೆ ಯಾರ ಹತ್ತಿರ ಹೋಗಬೇಕು ಅನ್ನುವುದು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಾನೂನು ಕೊಡುವ ರಕ್ಷಣೆ ಮುಖ್ಯವಾಗಿ ಕೋರ್ಟಿನ ಜಪ್ತಿಯ ಎದುರು. ಆದರೆ ಬಡವರ ಹಣ ಕೋರ್ಟಿನಿಂದ ಹೋಗುವುದಕ್ಕಿಂತ ಅದೇ ಬ್ಯಾಂಕಿನಲ್ಲಿರುವ ಹಳೇ ಸಾಲಕ್ಕೆ ಹೋಗುವುದೇ ಜಾಸ್ತಿ. ಅದಕ್ಕೆ ಮದ್ದು ಕಾನೂನು ಪುಸ್ತಕದಲ್ಲಿ ಹುಡುಕುವುದಕ್ಕಿಂತ ಖಾತೆ ಎಲ್ಲಿದೆ ಅನ್ನುವುದರಲ್ಲಿ ಹುಡುಕಿದರೆ ಬೇಗ ಸಿಗುತ್ತದೆ.

ಮೊದಲು, ಹಣ ಹಿಡಿದವರು ಯಾರು?

ಖಾತೆಗೆ ತಡೆ ಹಾಕುವವರು ಒಬ್ಬರೇ ಅಲ್ಲ. ಯಾರು ಅಂತ ಗೊತ್ತಾಗದೆ ಓಡಾಡಿದರೆ ಸುಮ್ನೆ ಬಸ್ ಚಾರ್ಜು ದಂಡ.

ಮೊದಲನೆಯವರು ನಿಮ್ಮ ಬ್ಯಾಂಕೇ. ಅದೇ ಬ್ಯಾಂಕಿನಲ್ಲಿ ಸಾಲ ಇದ್ದು ಕಂತು ಕಟ್ಟದಿದ್ದರೆ, ಉಳಿತಾಯ ಖಾತೆಯ ಹಣವನ್ನು ಸಾಲಕ್ಕೆ ಹೊಂದಿಸಿಕೊಳ್ಳುವ ಹಕ್ಕು ಬ್ಯಾಂಕುಗಳಿಗೆ ಇದೆ. 1872ರ ಕರಾರು ಕಾಯ್ದೆಯ 171ನೇ ಸೆಕ್ಷನ್ ಮತ್ತು ಸಾಲ ತೆಗೆಯುವಾಗ ನೀವು ಸಹಿ ಹಾಕಿದ ಕಾಗದ, ಇವೆರಡನ್ನೂ ಅವರು ತೋರಿಸುತ್ತಾರೆ. ಇದಕ್ಕೆ ಕೋರ್ಟಿನ ಆದೇಶ ಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ‘ಲೀನ್’ ಅಂತ ಗುರುತು ಹಾಕಿದರೆ ಮುಗಿಯಿತು.

ಎರಡನೆಯದು ಕೋರ್ಟ್. ಬೇರೆ ಯಾರಿಗೋ ಕೊಡಬೇಕಾದ ಸಾಲದ ಮೇಲೆ ಅವರು ದಾವೆ ಹಾಕಿ, ಡಿಕ್ರಿ (ಹಣ ಕೊಡಬೇಕು ಅನ್ನುವ ಕೋರ್ಟಿನ ತೀರ್ಪು) ಪಡೆದು, ಅದನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಹಾಕಿದಾಗ ಬ್ಯಾಂಕಿಗೆ ಜಪ್ತಿ ಆದೇಶ ಬರುತ್ತದೆ. ಕೈಸಾಲ ಕೊಟ್ಟವರು, ಫೈನಾನ್ಸಿನವರು ಈ ದಾರಿಯಲ್ಲೇ ಬರಬೇಕು. ‘ನಿನ್ನ ಖಾತೆ ಬಂದ್ ಮಾಡಿಸ್ತೀನಿ’ ಅಂತ ಬಾಗಿಲಲ್ಲಿ ನಿಂತು ಕೂಗುವ ವಸೂಲಿಯವನಿಗೆ ಅಂಥ ಅಧಿಕಾರ ಇಲ್ಲ. ಕಿರುಸಾಲದ ಕಿರುಕುಳಕ್ಕೆ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿತು. ಬೆದರಿಕೆ ಹಾಕುವವರಿಗೆ ಅದನ್ನು ನೆನಪಿಸಬಹುದು.

ಮೂರನೆಯವರು ಪೊಲೀಸರು. ಯಾರದೋ ಸೈಬರ್ ವಂಚನೆಯ ಹಣದ ಜಾಡು ನಿಮ್ಮ ಖಾತೆಯನ್ನು ಮುಟ್ಟಿದ್ದರೆ, ಬೇರೆ ರಾಜ್ಯದ ಠಾಣೆಯಿಂದಲೂ ತಡೆ ಬೀಳಬಹುದು. ಇದಕ್ಕೂ ನಿಮ್ಮ ಸಾಲಕ್ಕೂ ಸಂಬಂಧವೇ ಇಲ್ಲ.

ಇನ್ನು ಕೆವೈಸಿ, ಅಂದರೆ ಗುರುತು ವಿಳಾಸದ ಕಾಗದ ಹಳೆಯದಾಗಿದ್ದರೆ ಬೀಳುವ ತಡೆ ಒಂದಿದೆ. ಆಧಾರ್, ಫೋಟೋ ಕೊಟ್ಟು ಬಂದರೆ ಬಿಡುಗಡೆ. ಎಷ್ಟೋ ಜನ ಇದನ್ನೇ ಸಾಲದ ಜಪ್ತಿ ಅಂದುಕೊಂಡು ನಿದ್ದೆ ಕೆಡಿಸಿಕೊಳ್ಳುತ್ತಾರೆ. ತೆರಿಗೆ ಇಲಾಖೆಯೂ ಖಾತೆ ಹಿಡಿಯಬಹುದು, ಆದರೆ 1,200 ರೂಪಾಯಿ ಪಿಂಚಣಿಯವರ ಮನೆಗೆ ಅದು ಬರುವುದು ಅಪರೂಪ, ಬಿಡಿ.

ತಡೆಯಲ್ಲೂ ಬಗೆಗಳಿವೆ. ಲೀನ್ ಅಂದರೆ ಇಷ್ಟು ರೂಪಾಯಿ ಮುಟ್ಟುವಂತಿಲ್ಲ, ಉಳಿದದ್ದು ತೆಗೆಯಬಹುದು. ಡೆಬಿಟ್ ಫ್ರೀಜ್ ಅಂದರೆ ಹಣ ಬರುತ್ತದೆ, ಹೋಗುವುದಿಲ್ಲ. ಪೂರ್ತಿ ಫ್ರೀಜ್ ಅಂದರೆ ಬರುವುದೂ ಇಲ್ಲ, ಸರ್ಕಾರ ಹಾಕಿದ ಕಂತು ವಾಪಸ್ ಹೋಗುತ್ತದೆ. ಎಟಿಎಂ ಚೀಟಿಯಲ್ಲಿ ಒಟ್ಟು ಬ್ಯಾಲೆನ್ಸ್ ಒಂದು, ತೆಗೆಯಬಹುದಾದ ಬ್ಯಾಲೆನ್ಸ್ ಇನ್ನೊಂದು ಅಂತ ಇದ್ದರೆ ಅದು ಹೆಚ್ಚಾಗಿ ಲೀನ್. ಎರಡರ ನಡುವಿನ ವ್ಯತ್ಯಾಸ ಎಷ್ಟು ಅಂತ ನೋಡಿ. ಅದು ನಿಮ್ಮ ಬಾಕಿ ಕಂತಿನಷ್ಟೇ ಇದ್ದರೆ ಹಿಡಿದವರು ಯಾರು ಅಂತ ಕೇಳುವ ಅಗತ್ಯವೂ ಬೀಳುವುದಿಲ್ಲ.

ಕಾನೂನು ಯಾವುದನ್ನು ಕಾಯುತ್ತದೆ, ಯಾವುದನ್ನು ಕಾಯುವುದಿಲ್ಲ

1908ರ ಸಿವಿಲ್ ಪ್ರೊಸೀಜರ್ ಕೋಡ್‌ನ 60ನೇ ಸೆಕ್ಷನ್ನಿನಲ್ಲಿ ಡಿಕ್ರಿಗೆ ಜಪ್ತಿ ಮಾಡಬಾರದ ಆಸ್ತಿಗಳ ಉದ್ದನೆಯ ಪಟ್ಟಿ ಇದೆ. ಪಿಂಚಣಿದಾರರ ಪಿಂಚಣಿ, ಗ್ರಾಚ್ಯುಟಿ ಅದರಲ್ಲಿವೆ. ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆಯ ಹಣ ಇದೆ. ಸಂಬಳಕ್ಕೆ ಲೆಕ್ಕವೇ ಬೇರೆ. ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರರಲ್ಲಿ ಎರಡು ಭಾಗ ಮುಟ್ಟುವಂತಿಲ್ಲ. ಅಂದರೆ ಸಂಬಳ 31,000 ಇದ್ದರೆ 21,000 ಉಳಿಯುತ್ತದೆ, 10,000ಕ್ಕೆ ಮಾತ್ರ ಕೈ ಹಾಕಬಹುದು. ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಯಾದರೆ ಈ ರಿಯಾಯಿತಿ ಇಷ್ಟು ಸಿಗುವುದಿಲ್ಲ. ಅಲ್ಲಿ ಸಂಬಳದ ಮೂರರಲ್ಲಿ ಒಂದು ಭಾಗಕ್ಕಷ್ಟೇ ರಕ್ಷಣೆ.

ಇದಕ್ಕಿಂತ ಹಳೆಯದು 1871ರ ಪಿಂಚಣಿ ಕಾಯ್ದೆ. ಸರ್ಕಾರ ಹಿಂದಿನ ಸೇವೆಗಾಗಿ, ಅಶಕ್ತತೆಗಾಗಿ ಅಥವಾ ಅನುಕಂಪದಿಂದ ಕೊಡುವ ಪಿಂಚಣಿಯನ್ನು ಸಾಲ ಕೊಟ್ಟವರ ಕೋರಿಕೆಯ ಮೇಲೆ ಕೋರ್ಟು ಜಪ್ತಿ ಮಾಡುವಂತಿಲ್ಲ ಅನ್ನುತ್ತದೆ ಅದರ 11ನೇ ಸೆಕ್ಷನ್. ನಿವೃತ್ತ ನೌಕರರಿಗೆ ಇದು ನೇರವಾಗಿ ಸಿಗುತ್ತದೆ. ವೃದ್ಧಾಪ್ಯದ, ಅಂಗವಿಕಲರ ಪಿಂಚಣಿಗೆ ‘ಅಶಕ್ತತೆ’, ‘ಅನುಕಂಪ’ ಅನ್ನುವ ಮಾತನ್ನೇ ಹಿಡಿದು ವಕೀಲರು ವಾದಿಸಬಹುದು.

ಹಣ ಖಾತೆಗೆ ಬಂದು ಬಿದ್ದ ಮೇಲೂ ಅದು ಪಿಂಚಣಿಯೇ ಅಥವಾ ಬರೀ ದುಡ್ಡೇ? ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2008ರಲ್ಲಿ ರಾಧೇಶ್ಯಾಮ್ ಗುಪ್ತ ಮತ್ತು ಪಂಜಾಬ್ ನ್ಯಾಷನಲ್ ಬ್ಯಾಂಕ್ ನಡುವಿನ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ. ನಿವೃತ್ತಿಯ ಹಣವನ್ನು ಫಿಕ್ಸೆಡ್ ಡಿಪಾಸಿಟ್ ಮಾಡಿದ್ದರೂ ಅದರ ಗುಣ ಬದಲಾಗುವುದಿಲ್ಲ, 60ನೇ ಸೆಕ್ಷನ್ನಿನ ರಕ್ಷಣೆ ಉಳಿಯುತ್ತದೆ ಎಂದಿತು. ಆ ಪ್ರಕರಣದಲ್ಲಿ ವಸೂಲಿಗೆ ಬಂದಿದ್ದವರು ಬ್ಯಾಂಕಿನವರೇ ಅನ್ನುವುದನ್ನೂ ಗಮನಿಸಿ. ನಿವೃತ್ತರು ಈ ತೀರ್ಪಿನ ಪ್ರತಿಯೊಂದನ್ನು ಪಿಪಿಒ (ಪಿಂಚಣಿ ಪಾವತಿ ಆದೇಶ) ಪುಸ್ತಕದ ಜೊತೆ ಇಟ್ಟುಕೊಂಡರೆ ನಷ್ಟವಿಲ್ಲ.

ಅದೇ 60ನೇ ಸೆಕ್ಷನ್ನಿನಲ್ಲಿ ಹೆಚ್ಚು ಜನ ನೋಡದ ಒಂದು ಸಾಲಿದೆ. ಈ ರಕ್ಷಣೆ ನನಗೆ ಬೇಡ ಅಂತ ಮೊದಲೇ ಬರೆದುಕೊಡುವ ಒಪ್ಪಂದಕ್ಕೆ ಬೆಲೆಯೇ ಇಲ್ಲ, ಅದು ಅಸಿಂಧು. ಸಾಲದ ಕಾಗದದ ಯಾವುದೋ ಪುಟದಲ್ಲಿ ಸಹಿ ಹಾಕಿಸಿಕೊಂಡಿದ್ದೇವೆ ಅಂತ ಎದುರಿನವರು ಕೋರ್ಟಿನಲ್ಲಿ ಹೇಳಿದರೆ ಈ ಸಾಲು ಕೆಲಸಕ್ಕೆ ಬರುತ್ತದೆ.

ಇಷ್ಟೆಲ್ಲ ಇದ್ದರೂ ಒಂದು ತೂತು ಉಳಿಯುತ್ತದೆ. ಇವೆಲ್ಲ ಜಪ್ತಿಯ ಮಾತು. ಬ್ಯಾಂಕು ಕೋರ್ಟಿಗೇ ಹೋಗದೆ ತನ್ನ ಸಾಲಕ್ಕೆ ತಾನೇ ಹೊಂದಿಸಿಕೊಂಡರೆ, ಇದೇ ಸೆಕ್ಷನ್ ತೋರಿಸಿ ಹಣ ಬಿಡಿಸಿಕೊಳ್ಳಲು ನೀವೇ ದೂರು, ಅರ್ಜಿ ಅಂತ ಅಲೆಯಬೇಕು. ಜೊತೆಗೆ ಗೃಹಲಕ್ಷ್ಮಿ, ಪಿಎಂ ಕಿಸಾನ್ ಅಂತ ಹೆಸರು ಹಿಡಿದು ಆ ಹಳೇ ಕಾನೂನಿನಲ್ಲಿ ಬರೆದಿಲ್ಲ. ಇಂಥ ಹಣಕ್ಕೆ ರಕ್ಷಣೆ ಬರುವುದು ಸರ್ಕಾರದ ಸೂಚನೆಗಳಿಂದ. 2024ರಲ್ಲಿ ಬರ ಪರಿಹಾರದ ಹಣವನ್ನು ಕೆಲವು ಕಡೆ ಸಾಲಕ್ಕೆ ಜಮಾ ಮಾಡಿಕೊಂಡಾಗ ಹಾಗೆ ಮಾಡಬೇಡಿ ಅಂತ ರಾಜ್ಯ ಸರ್ಕಾರ ಬ್ಯಾಂಕುಗಳಿಗೆ ಹೇಳಬೇಕಾಯಿತು. ಸೂಚನೆ ಒಳ್ಳೆಯದೇ. ಆದರೆ ಹಣ ಹೋದ ಮೇಲೆ ಬಂದ ಸೂಚನೆ ತೋರಿಸಿ ವಾಪಸ್ ಪಡೆಯುವುದಕ್ಕಿಂತ, ಹೋಗದ ಹಾಗೆ ನೋಡಿಕೊಳ್ಳುವುದು ಸುಲಭ ಅಲ್ವಾ?

ಅದೇ ಬ್ಯಾಂಕೋ, ಬೇರೆ ಬ್ಯಾಂಕೋ, ಅಂಚೆಯೋ?

ಸಾಲ ಇರುವ ಬ್ಯಾಂಕಿನಲ್ಲೇ ಪಿಂಚಣಿ, ಗೃಹಲಕ್ಷ್ಮಿ ಎಲ್ಲ ಬರುವುದು ಹಳ್ಳಿಗಳಲ್ಲಿ ಮಾಮೂಲು. ಊರಿಗಿರುವುದೇ ಒಂದು ಶಾಖೆ. ಕಂತು ಸರಿಯಾಗಿ ಕಟ್ಟುತ್ತಿದ್ದರೆ ಇದರಿಂದ ತೊಂದರೆ ಇಲ್ಲ, ಬದಲಿಸುವ ಗೋಜಿಗೆ ಹೋಗಬೇಡಿ. ಕಂತು ಎರಡು ಮೂರು ತಿಂಗಳು ಹಿಂದೆ ಬಿದ್ದಿದ್ದರೆ ಇದರಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ.

ಅದರಲ್ಲೂ ಎರಡು ಬಗೆಯ ಖಾತೆಗಳ ಬಗ್ಗೆ ಎಚ್ಚರ ಬೇಕು. ಒಂದು ಕಿಸಾನ್ ಕ್ರೆಡಿಟ್ ಕಾರ್ಡ್ ಖಾತೆ. ಅದು ಉಳಿತಾಯ ಖಾತೆಯಲ್ಲ, ಸಾಲದ ಖಾತೆ. ಅದಕ್ಕೆ ಬಂದು ಬಿದ್ದ ರೂಪಾಯಿ ಅದೇ ಕ್ಷಣ ಬಾಕಿ ಇಳಿಸುತ್ತದೆ. ಸಾಲ ಚಾಲ್ತಿಯಲ್ಲಿದ್ದರೆ ಮಿತಿಯೊಳಗೆ ಮತ್ತೆ ತೆಗೆಯಬಹುದು. ಸುಸ್ತಿಯಾಗಿದ್ದರೆ ಅದನ್ನು ಮರೆತುಬಿಡಬೇಕಾಗುತ್ತದೆ. ಇನ್ನೊಂದು ಜನಧನ್ ಖಾತೆಯ ಓವರ್‌ಡ್ರಾಫ್ಟ್. 10,000 ರೂಪಾಯಿವರೆಗೆ ಸಿಗುತ್ತದೆ ಅಂತ ತೆಗೆದುಕೊಂಡಿದ್ದರೆ, ಆಮೇಲೆ ಬರುವ ಪ್ರತಿ ಗೃಹಲಕ್ಷ್ಮಿ ಕಂತೂ ಮೊದಲು ಆ ಹಳ್ಳ ತುಂಬುತ್ತದೆ. ಬ್ಯಾಂಕಿನವರು ಯಾರೂ ಏನೂ ‘ಹಿಡಿದಿರುವುದಿಲ್ಲ’, ಖಾತೆಯ ಲೆಕ್ಕವೇ ಹಾಗೆ. ಇದಕ್ಕೆ ದೂರು ಕೊಟ್ಟರೂ ಪ್ರಯೋಜನ ಕಮ್ಮಿ.

ಎರಡನೇ ಆಯ್ಕೆ ಸಾಲವೇ ಇಲ್ಲದ ಬೇರೆ ಬ್ಯಾಂಕಿನಲ್ಲಿ ಉಳಿತಾಯ ಖಾತೆ. ಒಂದು ಬ್ಯಾಂಕಿನ ಸಾಲಕ್ಕೆ ಇನ್ನೊಂದು ಬ್ಯಾಂಕು ತಾನಾಗಿಯೇ ಹಣ ಕೊಡುವುದಿಲ್ಲ, ಅದಕ್ಕೆ ಕೋರ್ಟಿನ ಆದೇಶವೇ ಬೇಕು. ಕೋರ್ಟು ಅಂದ ಕೂಡಲೇ ಮೇಲೆ ಹೇಳಿದ ರಕ್ಷಣೆಗಳು ಕೈಗೆ ಸಿಗುತ್ತವೆ. ಕಂತು ಹಿಂದೆ ಬಿದ್ದವರಿಗೆ ನನ್ನ ಮೊದಲ ಸಲಹೆ ಇದೇ. ತೆರೆಯುವಾಗ ಬೇಸಿಕ್ ಉಳಿತಾಯ ಖಾತೆಯನ್ನೇ ಕೇಳಿ. ಕನಿಷ್ಠ ಬಾಕಿ ಇಡಬೇಕಿಲ್ಲ, ಬಾಕಿ ಕಮ್ಮಿಯಾಯಿತು ಅಂತ ದಂಡ ಇಲ್ಲ. ಆದರೆ ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ. ಇಲ್ಲೊಂದು ಎಚ್ಚರಿಕೆ: ಈಚೆಗೆ ಬ್ಯಾಂಕುಗಳು ವಿಲೀನವಾಗಿವೆ. ಸಿಂಡಿಕೇಟ್ ಬ್ಯಾಂಕಿನಲ್ಲಿ ಸಾಲ ಇತ್ತು, ಈಗ ಕೆನರಾದಲ್ಲಿ ಖಾತೆ ತೆರೆದಿದ್ದೇನೆ ಅಂದರೆ ಬೇರೆ ಬ್ಯಾಂಕಿಗೆ ಹೋದ ಹಾಗಾಗಲಿಲ್ಲ. 2020ರ ಏಪ್ರಿಲ್‌ನಿಂದ ಎರಡೂ ಒಂದೇ.

ಮೂರನೆಯದು ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್. 2018ರ ಸೆಪ್ಟೆಂಬರ್ 1ರಂದು ದೇಶದಾದ್ಯಂತ ಶುರುವಾಯಿತು. ಪೇಮೆಂಟ್ಸ್ ಬ್ಯಾಂಕುಗಳಿಗೆ ಸಾಲ ಕೊಡುವ ಪರವಾನಗಿಯೇ ಇಲ್ಲ. ಸಾಲವೇ ಕೊಡದ ಬ್ಯಾಂಕಿಗೆ ತನ್ನ ಸಾಲಕ್ಕೆ ಹೊಂದಿಸಿಕೊಳ್ಳುವ ಪ್ರಶ್ನೆಯೂ ಇಲ್ಲ. ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೆ ಬಂದು ಬೆರಳಚ್ಚು ತೆಗೆದುಕೊಂಡು ಹಣ ಕೊಡುವ ವ್ಯವಸ್ಥೆಯೂ ಇರುವುದರಿಂದ ನಡೆಯಲಾಗದ ಅಜ್ಜಿಯರಿಗೆ ಇದು ಬಹಳ ಒಳ್ಳೆಯದು. ತೊಡಕು ಇಷ್ಟೇ, ದಿನದ ಕೊನೆಗೆ 2 ಲಕ್ಷಕ್ಕಿಂತ ಜಾಸ್ತಿ ಬಾಕಿ ಇಡುವಂತಿಲ್ಲ. ಸಾಮಾಜಿಕ ಪಿಂಚಣಿಗೆ ಅದು ಅಡ್ಡಿಯಾಗುವುದಿಲ್ಲ. ನಿವೃತ್ತಿಯ ಇಡಿಗಂಟು ಇಡಲು ಇದು ಜಾಗವಲ್ಲ.

ಅಂಚೆ ಕಚೇರಿಯ ಮಾಮೂಲಿ ಉಳಿತಾಯ ಖಾತೆ ಇದಕ್ಕಿಂತ ಬೇರೆ. ಅದಕ್ಕೆ 500 ರೂಪಾಯಿ ಕನಿಷ್ಠ ಬಾಕಿ ಬೇಕು. ಅಲ್ಲೂ ಸಾಲದ ಗೊಡವೆ ಕಮ್ಮಿ. ಎರಡರಲ್ಲಿ ಒಂದು ಆರಿಸಿ ಅಂದರೆ, ಬೇಸಿಗೆ ಮಳೆ ಅನ್ನದೆ ಅಂಚೆಯಣ್ಣ ಬರುವ ಊರಿನವರು ಪೇಮೆಂಟ್ಸ್ ಬ್ಯಾಂಕಿನ ಖಾತೆಯನ್ನೇ ತೆಗೆದುಕೊಳ್ಳಲಿ.

ನಾಲ್ಕನೆಯದು ಎಲ್ಲರೂ ಮಾಡುವುದು: ಹಣ ಬಂದ ಮೆಸೇಜ್ ನೋಡಿದ ಕೂಡಲೇ ಓಡಿಹೋಗಿ ತೆಗೆದುಬಿಡುವುದು. ತಪ್ಪೇನಿಲ್ಲ, ಲೀನ್ ಬೀಳುವ ಮೊದಲು ಕೈಗೆ ಬಂದರೆ ನಿಮ್ಮದೇ. ಆದರೆ ಕಂಪ್ಯೂಟರಿಗೆ ಲೀನ್ ಒಮ್ಮೆ ಹಾಕಿಟ್ಟಿದ್ದರೆ ಹಣ ಬಂದ ಕೂಡಲೇ ಅದು ಹಿಡಿದುಕೊಳ್ಳುತ್ತದೆ, ನೀವೆಷ್ಟು ಬೇಗ ಓಡಿದರೂ ಅಷ್ಟೇ. ಒಂದು ತಿಂಗಳ ಮಟ್ಟಿಗೆ ಸರಿ, ವ್ಯವಸ್ಥೆ ಅಂತ ನಂಬಬೇಡಿ.

ಖಾತೆ ತೆರೆದರೆ ಸಾಲದು, ಆಧಾರ್ ಕೂಡ ಹೋಗಬೇಕು

ಹೊಸ ಖಾತೆ ತೆರೆದು ಆಧಾರ್ ಜೆರಾಕ್ಸ್ ಕೊಟ್ಟು ಬಂದವರು ಮುಂದಿನ ತಿಂಗಳೂ ಹಣ ಹಳೇ ಖಾತೆಗೇ ಹೋಯಿತು ಅಂತ ಕಂಗಾಲಾಗುತ್ತಾರೆ. ಕಾರಣ ಇದು. ಖಾತೆಗೆ ಆಧಾರ್ ಕೊಡುವುದು ಒಂದು ಕೆಲಸ, ಬ್ಯಾಂಕುಗಳ ನಡುವೆ ಹಣ ಪಾವತಿ ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಆಧಾರ್ ನಂಬರನ್ನು ಆ ಬ್ಯಾಂಕಿಗೆ ಜೋಡಿಸುವುದು ಇನ್ನೊಂದು ಕೆಲಸ. ಆಧಾರ್ ಆಧಾರಿತ ನೇರ ವರ್ಗಾವಣೆಯ (ಡಿಬಿಟಿ) ಹಣ ಎರಡನೆಯದನ್ನು ನೋಡಿಕೊಂಡು ಹೋಗುತ್ತದೆ. ಒಂದು ಆಧಾರಿಗೆ ಆ ಪಟ್ಟಿಯಲ್ಲಿ ಒಂದು ಸಲಕ್ಕೆ ಒಂದೇ ಬ್ಯಾಂಕು.

ಆದ್ದರಿಂದ ಹೊಸ ಬ್ಯಾಂಕಿನಲ್ಲಿ ‘ಡಿಬಿಟಿಗೆ ಆಧಾರ್ ಸೀಡಿಂಗ್ ಫಾರಂ ಕೊಡಿ’ ಅಂತ ಕೇಳಬೇಕು. ಹಳೇ ಬ್ಯಾಂಕಿನ ಹೆಸರು ಬರೆಯುವ ಜಾಗ ಅದರಲ್ಲಿರುತ್ತದೆ, ಖಾಲಿ ಬಿಡಬೇಡಿ. ಹಳೇ ಬ್ಯಾಂಕಿನ ಅನುಮತಿ ಬೇಕಿಲ್ಲ. ಆಮೇಲೆ ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿ, ಅಥವಾ ಮಾಮೂಲಿ ಫೋನಿನಿಂದ *99*99*1# ಒತ್ತಿ ಆಧಾರ್ ನಂಬರ್ ಕೊಡಿ. ಬ್ಯಾಂಕಿನ ಹೆಸರು ಬದಲಾಗಿರುವುದನ್ನು ನೋಡಿದ ಮೇಲೆಯೇ ನಿಶ್ಚಿಂತೆ. ‘ಡಿಬಿಟಿ ಕರ್ನಾಟಕ’ ಆ್ಯಪ್‌ನಲ್ಲಿ ಯಾವ ಯೋಜನೆಯ ಹಣ ಯಾವತ್ತು ಯಾವ ಬ್ಯಾಂಕಿಗೆ ಹೋಯಿತು ಅಂತಲೂ ಕಾಣುತ್ತದೆ. ಅದರ ಸ್ಕ್ರೀನ್‌ಶಾಟ್ ಮುಂದೆ ದೂರು ಕೊಡುವಾಗ ಪುರಾವೆ.

ನಿವೃತ್ತ ನೌಕರರ ಪಿಂಚಣಿಗೆ ಈ ದಾರಿ ಇಲ್ಲ. ಅದು ಖಾತೆ ನಂಬರ್ ನೋಡಿ ಬರುತ್ತದೆ. ಬ್ಯಾಂಕು ಬದಲಿಸಲು ಈಗ ಪಿಂಚಣಿ ಕೊಡುತ್ತಿರುವ ಶಾಖೆಯ ಮೂಲಕ ಅರ್ಜಿ ಕೊಡಬೇಕು, ಸಮಯ ಹಿಡಿಯುತ್ತದೆ. ಪಿಂಚಣಿಯ ಮೇಲೆಯೇ ಸಾಲ ತೆಗೆದಿದ್ದರೆ ಅದು ತೀರುವವರೆಗೆ ಆ ಬ್ಯಾಂಕು ಬಿಡುವುದು ಕಷ್ಟ. ಹಾಗೆ ಸಹಿ ಮಾಡಿಕೊಟ್ಟು ತೆಗೆದ ಸಾಲದ ಕಂತನ್ನು ‘ಅನ್ಯಾಯದ ಕಡಿತ’ ಅನ್ನುವುದೂ ಸರಿಯಲ್ಲ.

ಯಾರ ಹೆಸರು, ಯಾರ ಸಾಲ

ಗಂಡನ ಸಾಲಕ್ಕೆ ಹೆಂಡತಿಯ ಗೃಹಲಕ್ಷ್ಮಿ ಹಣ ಹಿಡಿಯಬಹುದೇ? ಹೆಂಡತಿ ಆ ಸಾಲಕ್ಕೆ ಸಹ ಸಾಲಗಾರಳೂ ಅಲ್ಲ, ಜಾಮೀನೂ ಹಾಕಿಲ್ಲ ಅಂದರೆ ಹಿಡಿಯುವಂತಿಲ್ಲ. ಸಾಲ ಯಾರದೋ ಖಾತೆಯೂ ಅವರದೇ ಆಗಿರಬೇಕು. ಜಾಮೀನು ಹಾಕಿದ್ದರೆ ಕಥೆ ಬೇರೆ. ಕರಾರು ಕಾಯ್ದೆಯ ಪ್ರಕಾರ ಜಾಮೀನುದಾರರ ಹೊಣೆ ಸಾಲಗಾರನ ಹೊಣೆಯಷ್ಟೇ. ನೆರೆಯವರ ಟ್ರ್ಯಾಕ್ಟರ್ ಸಾಲಕ್ಕೆ ಸಹಿ ಹಾಕಿದ್ದು ಮರೆತೇ ಹೋಗಿರುತ್ತದೆ, ಲೀನ್ ಬಿದ್ದಾಗ ನೆನಪಾಗುತ್ತದೆ. ಸಂಘದ ಸಾಲದಲ್ಲೂ ಹೀಗೇ. ಐದು ಹತ್ತು ಹೆಂಗಸರು ಒಬ್ಬರಿಗೊಬ್ಬರು ಹೊಣೆ ನಿಂತಿದ್ದರೆ ಒಬ್ಬರು ಕಟ್ಟದಿದ್ದುದಕ್ಕೆ ಉಳಿದವರ ವೈಯಕ್ತಿಕ ಖಾತೆಗೂ ಕೈ ಹಾಕಲು ನೋಡುತ್ತಾರೆ. ‘ಆ ಕಾಗದದಲ್ಲಿ ನನ್ನ ಸಹಿ ಎಲ್ಲಿದೆ, ತೋರಿಸಿ’ ಅನ್ನುವುದು ಕೇಳಬೇಕಾದ ಮೊದಲ ಪ್ರಶ್ನೆ.

ಅಪ್ಪ ಅಮ್ಮನ ಪಿಂಚಣಿ ಖಾತೆಗೆ ಮಗನ ಹೆಸರನ್ನೂ ಸೇರಿಸುವುದು ಇನ್ನೊಂದು ರೂಢಿ. ಹೋಗಿ ಬರಲು ಅನುಕೂಲ ಅಂತ. ಮಗನಿಗೆ ಅದೇ ಬ್ಯಾಂಕಿನಲ್ಲಿ ಬೈಕ್ ಸಾಲ ಇದ್ದರೆ ಅನುಕೂಲ ಯಾರಿಗೆ ಅಂತ ಯೋಚಿಸಿ. ಒಬ್ಬರ ಸಾಲಕ್ಕೆ ಜಂಟಿ ಖಾತೆ ಹಿಡಿಯುವುದು ಸರಿಯಲ್ಲ ಅಂತ ವಾದಿಸಬಹುದು, ಆದರೆ ವಾದ ಮುಗಿಯುವವರೆಗೆ ಅಪ್ಪನ ಮಾತ್ರೆಗೆ ದುಡ್ಡು ಎಲ್ಲಿಂದ? ಮಗನನ್ನು ನಾಮಿನಿ ಮಾಡಿ, ಜಂಟಿ ಮಾಡಬೇಡಿ. ಗಂಡ ಹೆಂಡತಿ ಜಂಟಿಯಾಗಿರುವ ಸರ್ಕಾರಿ ಪಿಂಚಣಿ ಖಾತೆಯ ಮಾತು ಬೇರೆ. ಮುಂದೆ ಕುಟುಂಬ ಪಿಂಚಣಿಗೆ ಅದು ಸಲೀಸು, ಇರಲಿ.

ಹಾಗೆಯೇ ಸರ್ಕಾರದ ಹಣ ಬರುವ ಖಾತೆಗೆ ಹಾಲಿನ ದುಡ್ಡು, ಅಡಿಕೆ ಮಾರಿದ ದುಡ್ಡು, ಕೈಗಡ ಎಲ್ಲ ಸುರಿಯಬೇಡಿ. ಕೋರ್ಟಿನಲ್ಲಿ ಇದು ಪಿಂಚಣಿ ಹಣ ಅಂತ ತೋರಿಸಬೇಕಾದವರು ನೀವು. ಪಾಸ್‌ಬುಕ್‌ನಲ್ಲಿ ತಿಂಗಳಿಗೊಂದು ಪಿಂಚಣಿ ಜಮಾ ಬಿಟ್ಟು ಬೇರೇನೂ ಇಲ್ಲದಿದ್ದರೆ ಅದನ್ನು ತೋರಿಸಿದರೆ ಸಾಕು. ಮೂವತ್ತು ಬಗೆಯ ಜಮಾ ಇದ್ದರೆ ವಕೀಲರೂ ತಲೆ ಕೆರೆದುಕೊಳ್ಳುತ್ತಾರೆ.

ಆ್ಯಪ್ ಸಾಲ, ಫೈನಾನ್ಸ್ ಸಾಲ ಇದ್ದವರು ಒಂದು ನೋಡಿಕೊಳ್ಳಿ. ತಿಂಗಳ ಕಂತು ತಾನಾಗಿಯೇ ಕತ್ತರಿಸಿಕೊಳ್ಳಲು ನೀವು ಯಾವ ಖಾತೆಯ ಮೇಲೆ ಮ್ಯಾಂಡೇಟ್ ಕೊಟ್ಟಿದ್ದೀರಿ? ಅದು ಪಿಂಚಣಿಯ ಖಾತೆಯಾಗಿದ್ದರೆ ಜಪ್ತಿಯೂ ಬೇಡ, ಫ್ರೀಜೂ ಬೇಡ, ಐದನೇ ತಾರೀಖು ಬೆಳಗ್ಗೆ ಹಣ ಇರುವುದಿಲ್ಲ. ಮ್ಯಾಂಡೇಟ್ ರದ್ದು ಮಾಡಿ ಅಂತ ನಿಮ್ಮ ಬ್ಯಾಂಕಿಗೆ ಬರೆದುಕೊಡಬಹುದು. ಆದರೆ ಹಣ ಇಲ್ಲದೆ ಮ್ಯಾಂಡೇಟ್ ಬೌನ್ಸ್ ಆಗುವುದು ಚೆಕ್ ಬೌನ್ಸಿನ ಹಾಗೇ ಕೇಸಿಗೆ ದಾರಿ. 2007ರ ಪೇಮೆಂಟ್ ಅಂಡ್ ಸೆಟ್ಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್ ಅದಕ್ಕೇ ಇರುವುದು. ಆದ್ದರಿಂದ ಸುಮ್ಮನೆ ರದ್ದು ಮಾಡಿ ಕೂರುವುದಕ್ಕಿಂತ, ಕಂತಿಗೆ ಬೇರೆ ಖಾತೆ ಕೊಟ್ಟು ಪಿಂಚಣಿ ಖಾತೆಯನ್ನು ಬಿಡಿಸಿಕೊಳ್ಳಿ.

ತಡೆ ಬಿದ್ದಾಗಿದೆ. ಈಗ ಯಾವ ಬಾಗಿಲು?

ಏನೇ ಆಗಲಿ ಮೊದಲ ಕೆಲಸ ಶಾಖೆಗೆ ಬರವಣಿಗೆಯಲ್ಲಿ ಕೇಳುವುದು. ಬಾಯಿಮಾತಿನ ಜಗಳಕ್ಕೆ ದಾಖಲೆ ಇರುವುದಿಲ್ಲ. ಬಿಳಿ ಹಾಳೆಯಲ್ಲಿ ಇಷ್ಟು ಬರೆದರೆ ಸಾಕು:

‘ಮಾನ್ಯ ವ್ಯವಸ್ಥಾಪಕರಿಗೆ. ನನ್ನ ಉಳಿತಾಯ ಖಾತೆಯಿಂದ ಹಣ ತೆಗೆಯಲು ಆಗುತ್ತಿಲ್ಲ. ಈ ಖಾತೆಗೆ ಬರುವುದು ನನ್ನ ಸಂಧ್ಯಾ ಸುರಕ್ಷಾ ಪಿಂಚಣಿ ಮಾತ್ರ. ತಡೆ ಹಾಕಿದವರು ಯಾರು, ಯಾವ ದಿನ, ಎಷ್ಟು ಮೊತ್ತಕ್ಕೆ, ಯಾವ ಆದೇಶ ಅಥವಾ ಯಾವ ಸಾಲದ ಮೇಲೆ ಎಂಬುದನ್ನು ಬರವಣಿಗೆಯಲ್ಲಿ ತಿಳಿಸಿ. ಆದೇಶವಿದ್ದರೆ ಪ್ರತಿ ಕೊಡಿ. ಪಿಂಚಣಿ ಹಣವನ್ನು ಬಿಡುಗಡೆ ಮಾಡಿ.’

ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಮತ್ತು ತಾರೀಖು ಹಾಕಿಸಿಕೊಳ್ಳಿ. ಸೀಲು ಹಾಕುವುದಿಲ್ಲ ಅಂದರೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಆ ರಸೀದಿಯೇ ನಿಮ್ಮ ತಾರೀಖು.

ಉತ್ತರ ‘ನಮ್ಮದೇ ಸಾಲಕ್ಕೆ’ ಅಂತ ಬಂದರೆ ದಾರಿ ಎರಡು. ಮೆತ್ತಗಿನದು ಜಿಲ್ಲೆಯ ಬ್ಯಾಂಕುಗಳ ನಡುವೆ ಹೊಂದಾಣಿಕೆ ನೋಡಿಕೊಳ್ಳುವ ಲೀಡ್ ಬ್ಯಾಂಕ್ ಮ್ಯಾನೇಜರ್, ಅಥವಾ ಹಣ ಹಾಕಿದ ಇಲಾಖೆ. ಸಾಮಾಜಿಕ ಪಿಂಚಣಿಗೆ ತಹಶೀಲ್ದಾರ್ ಕಚೇರಿ, ಗೃಹಲಕ್ಷ್ಮಿಗೆ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಪಿಎಂ ಕಿಸಾನ್‌ಗೆ ರೈತ ಸಂಪರ್ಕ ಕೇಂದ್ರ. ಅಲ್ಲಿಂದ ಒಂದು ಫೋನ್ ಹೋದರೆ ಎಷ್ಟೋ ಸಲ ಅದೇ ದಿನ ಲೀನ್ ತೆಗೆಯುತ್ತಾರೆ. ಪರಿಹಾರದ ಹಣಕ್ಕೆ ನಾನಂತೂ ಇದನ್ನೇ ಮೊದಲು ಹಿಡಿಯಿರಿ ಅನ್ನುತ್ತೇನೆ.

ಗಟ್ಟಿಯಾದದ್ದು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ. ಬ್ಯಾಂಕಿಗೆ ದೂರು ಕೊಟ್ಟು 30 ದಿನ ಕಾಯಬೇಕು. ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ದೂರು ಪೋರ್ಟಲ್ ಸಿಎಂಎಸ್‌ನಲ್ಲಿ ಹಾಕಬಹುದು. ಖರ್ಚಿಲ್ಲ, ವಕೀಲರು ಬೇಕಿಲ್ಲ. ಮಾಹಿತಿಗೆ 14448 ಇದೆ. ನೇರವಾಗಿ ಇಲ್ಲಿಗೇ ಹೋದರೆ ‘ಮೊದಲು ಬ್ಯಾಂಕಿಗೆ ಕೊಡಿ’ ಅಂತ ವಾಪಸ್ ಕಳಿಸುತ್ತಾರೆ, ಅದಕ್ಕೇ ಆ ಸೀಲು ಹಾಕಿದ ಪ್ರತಿ ಮುಖ್ಯ.

ಉತ್ತರ ‘ಕೋರ್ಟ್ ಆದೇಶ’ ಅಂತ ಬಂದರೆ ಓಂಬುಡ್ಸ್‌ಮನ್‌ನಿಂದ ಏನೂ ಆಗುವುದಿಲ್ಲ. ಬ್ಯಾಂಕ್ ಮ್ಯಾನೇಜರ್ ಹತ್ತಿರ ಬೇಡಿಕೊಂಡರೂ ಅವರ ಕೈಯಲ್ಲಿಲ್ಲ. ಆದೇಶ ಕೊಟ್ಟ ಕೋರ್ಟಿನಲ್ಲೇ ಅರ್ಜಿ ಹಾಕಿ, ಇದು 60ನೇ ಸೆಕ್ಷನ್ನಿನ ಹಣ, ಜಪ್ತಿ ತೆರವು ಮಾಡಿ ಅಂತ ಕೇಳಬೇಕು. ಪಿಪಿಒ ಅಥವಾ ಪಿಂಚಣಿ ಮಂಜೂರಾತಿ ಆದೇಶ, ಆರೇಳು ತಿಂಗಳ ಪಾಸ್‌ಬುಕ್ ಎಂಟ್ರಿ ಜೊತೆಗಿರಲಿ. ವಕೀಲರ ಫೀಸಿಗೆ ದುಡ್ಡಿಲ್ಲ ಅಂತ ಬಿಡಬೇಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, ಉಳಿದವರಿಗೆ ಆದಾಯದ ಮಿತಿಯೊಳಗೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಇಲ್ಲವೇ 15100ಕ್ಕೆ ಫೋನ್ ಮಾಡಿ.

‘ಸೈಬರ್ ಕೇಸು’ ಅಂತ ಬಂದರೆ ಬ್ಯಾಂಕಿನಿಂದ ದೂರಿನ ನಂಬರ್, ಠಾಣೆಯ ಹೆಸರು, ಯಾವ ಜಮಾದ ಮೇಲೆ ಅನುಮಾನ ಅನ್ನುವುದನ್ನು ಪಡೆಯಿರಿ. ಆ ಠಾಣೆಗೆ ಇಮೇಲ್ ಮಾಡಿ, ಹಣ ಯಾರಿಂದ, ಯಾಕೆ ಬಂತು ಅಂತ ಪುರಾವೆ ಕೊಡಿ. ಪೂರ್ತಿ ಖಾತೆ ಹಿಡಿಯದೆ ಅನುಮಾನದ ಮೊತ್ತಕ್ಕೆ ಮಾತ್ರ ತಡೆ ಇಡಿ ಅಂತ ಕೇಳಿ. ಕೇರಳ ಹೈಕೋರ್ಟ್ 2023ರಲ್ಲಿ ಬ್ಯಾಂಕುಗಳಿಗೆ ಹೀಗೇ ಹೇಳಿತ್ತು. ಠಾಣೆ ಕಿವಿಗೆ ಹಾಕಿಕೊಳ್ಳದಿದ್ದರೆ ಆ ಭಾಗದ ಮ್ಯಾಜಿಸ್ಟ್ರೇಟ್ ಕೋರ್ಟು, ಕೊನೆಗೆ ಹೈಕೋರ್ಟು. ‘ಐದು ಸಾವಿರ ಕೊಟ್ಟರೆ ಅನ್‌ಫ್ರೀಜ್ ಮಾಡಿಸ್ತೀನಿ’ ಅಂತ ವಾಟ್ಸಾಪ್‌ನಲ್ಲಿ ಬರುವವರು ಎರಡನೇ ಸಲ ಮೋಸ ಮಾಡಲು ಬಂದವರು. ಅಂಥವರ ಮೇಲೆ ದೂರು ಕೊಡಲು 1930 ಇದೆ.

ಯಾವ ಬಾಗಿಲು ತಟ್ಟಿದರೂ ಸಾಲ ಸಾಲವೇ. ಮೇಲಿನ ಉಪಾಯಗಳೆಲ್ಲ ಊಟದ ದುಡ್ಡು ಉಳಿಸಿಕೊಳ್ಳಲು, ಸಾಲ ತಪ್ಪಿಸಿಕೊಳ್ಳಲು ಅಲ್ಲ. ಬಡ್ಡಿ ಬೆಳೆಯುತ್ತಲೇ ಇರುತ್ತದೆ, ಸಾಲ ಕಟ್ಟುವ ನಡತೆಗೆ ಕೊಡುವ ಸಿಬಿಲ್ ಅಂಕ ಇಳಿಯುತ್ತಲೇ ಇರುತ್ತದೆ. ಖಾತೆ ಬದಲಿಸಿದ ಮೇಲೆ ಹಳೇ ಬ್ಯಾಂಕಿಗೆ ಹೋಗಿ ಒಂದೇ ಸಲ ತೀರಿಸುವ ರಾಜಿ ಕೇಳಿ, ಅಥವಾ ಲೋಕ ಅದಾಲತ್ತಿಗೆ ಹಾಕಿಸಿ. ತಿಂಗಳ ಪಿಂಚಣಿ ಬೇರೆ ಕಡೆ ಭದ್ರವಾಗಿದ್ದರೆ ಆ ಟೇಬಲ್ ಮುಂದೆ ಕೂತು ‘ಇಷ್ಟು ಕೊಡಬಲ್ಲೆ’ ಅಂತ ಹೇಳುವ ಧೈರ್ಯ ಬರುತ್ತದೆ. ರಾಜಿಯಾದರೆ ಬಾಕಿ ಇಲ್ಲ ಅನ್ನುವ ಪತ್ರ ಕೈಗೆ ಸಿಗುವವರೆಗೆ ಹಳೇ ಪಾಸ್‌ಬುಕ್ ಎಸೆಯಬೇಡಿ.